ನಾಲ್ಕು ಬಾಟ್ಲಿ, ನಾಲ್ಕು ಸುತ್ತು

ಮಧ್ಯಾಹ್ನ ಒಂದು ಗಂಟೆಗೆ ನಾನೂ ನನ್ನ ಹೆಂಡತಿ ಕೊಟ್ರಮ್ಮನೂ ಒಟ್ಟಿಗೇ ಊಟಕ್ಕೆ ಹೊರಡುತ್ತಿದ್ದೆವು. ನನ್ನದು ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಹಾಕುವ ಅಂಗಡಿ, ಎದುರಿಗೇ ಅವಳ ಹೊಲಿಗೆ ಅಂಗಡಿ. ಒಂದೇ ಹೊತ್ತಿಗೆ ಬಾಗಿಲು ಎಳೆದು, ಒಂದೇ ರಸ್ತೆ ಹಿಡಿದು, ಒಂದೇ ಮನೆಗೆ ಹೊರಟರೂ ಅವಳು ಐದು ನಿಮಿಷದಲ್ಲಿ ಮನೆ ಸೇರುತ್ತಿದ್ದಳು. ನನಗೆ ಐವತ್ತೈದು ನಿಮಿಷ ಬೇಕಾಗುತ್ತಿತ್ತು. ನಾನಿನ್ನೂ ಮೋರಿ ಕಟ್ಟೆಯ ಹತ್ತಿರ ಏದುಸಿರು ಬಿಡುತ್ತಿರುವಾಗ ಅವಳು ಉಂಡು, ತಟ್ಟೆ ತೊಳೆದು, ತಲೆ ಬಾಚಿಕೊಂಡು ಎದುರಿಗೆ ಬರುತ್ತಿದ್ದಳು. "ಸಾರು ಒಲೆ ಮೇಲೈತೆ. ನೀವು ಹೋಗೋ ಹೊತ್ತಿಗೆ ಆರಿರ್ತೈತೆ, ಬಿಸಿ ಮಾಡ್ಕೊಳ್ಳಿ" ಎಂದು ಹೇಳಿ, ನಿಲ್ಲದೆ ನಡೆದುಬಿಡುತ್ತಿದ್ದಳು. ಬುತ್ತಿ ಕಟ್ಟಿಕೊಡುತ್ತೇನೆ ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ನಾನು ಒಪ್ಪಿರಲಿಲ್ಲ. ಮನೆ ಇಟ್ಟುಕೊಂಡವನು ಮನೆಯಲ್ಲೇ ಉಣ್ಣಬೇಕು ಎಂಬುದು ನನ್ನ ಹಟ.

ನಮ್ಮೂರಿನಲ್ಲಿ ಜಂಬ ಕೊಚ್ಚಿಕೊಂಡವರಿಗೆ ದಾರಿ ಉದ್ದವಾಗುತ್ತದೆ. ಕೊಚ್ಚಿಕೊಂಡವರಿಗೆ ಮಾತ್ರ, ಪಕ್ಕದಲ್ಲಿ ನಡೆಯುವವರಿಗಲ್ಲ. ಸಣ್ಣ ಜಂಬಕ್ಕೆ ನಾಲ್ಕು ಮಾರು, ದೊಡ್ಡದಕ್ಕೆ ಒಂದು ಫರ್ಲಾಂಗು. ಹೇಳಿದ್ದು ನಿಜವೋ ಸುಳ್ಳೋ ನೆಲ ಕೇಳುವುದಿಲ್ಲ. ಸುಳ್ಳು ವಿನಯ ತೋರಿಸಿದರೆ ಇನ್ನೂ ಎರಡು ಮಾರು ಜಾಸ್ತಿ. ಹಾಗಾಗಿ ಬಸ್ ಸ್ಟ್ಯಾಂಡಿನ ಹೋಟೆಲಿನ ಬೋರ್ಡಿನಲ್ಲಿ "ಇಡ್ಲಿ ಪರವಾಗಿಲ್ಲ" ಎಂದಷ್ಟೇ ಬರೆದಿದೆ. ಡಾಕ್ಟರು ತಮ್ಮ ಹೆಸರಿನ ಮುಂದೆ ಏನನ್ನೂ ಹಾಕಿಕೊಂಡಿಲ್ಲ, ಕೇಳಿದರೆ "ಮಾತ್ರೆ ಕೊಡ್ತೀನಿ, ನೋಡೋಣ" ಅನ್ನುತ್ತಾರೆ. ಹೈಸ್ಕೂಲಿನ ವಾರ್ಷಿಕೋತ್ಸವದಲ್ಲಿ ಹೆಡ್ಮಾಸ್ಟರು ಓದುವ ವರದಿ ಒಂದೇ ಸಾಲು: ಮಕ್ಕಳು ಬರುತ್ತಾರೆ, ಹೋಗುತ್ತಾರೆ. ಹಿಂದಿನ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ ಭಾಷಣ ಮುಗಿಸಿ ವೇದಿಕೆಯಿಂದ ಕಾರಿನ ಕಡೆ ನಡೆದವನು ಇನ್ನೂ ನಡೆಯುತ್ತಿದ್ದಾನೆ. ಹಾದುಹೋಗುವವರು ಅವನಿಗೆ ಮಜ್ಜಿಗೆ ಕೊಡುತ್ತಾರೆ.

ಇಬ್ಬರು ಕೈ ಕೈ ಹಿಡಿದು ನಡೆದರೆ ಮಾತ್ರ ಉದ್ದದ ದಾರಿ ಇಬ್ಬರಿಗೂ ಅಂಟಿಕೊಳ್ಳುತ್ತದೆ. ಆದ್ದರಿಂದ ನಮ್ಮಲ್ಲಿ ಯಾರೂ ಯಾರ ಕೈಯನ್ನೂ ಸುಮ್ಮಸುಮ್ಮನೆ ಹಿಡಿಯುವುದಿಲ್ಲ. ಮದುವೆಯ ದಿನ ಕೊಟ್ರಮ್ಮ ನನ್ನ ಕೈ ಹಿಡಿದು ಮಂಟಪದಿಂದ ಊಟಕ್ಕೆ ಹೊರಟಳು. ನಾವು ಪಂಕ್ತಿ ಮುಟ್ಟುವ ಹೊತ್ತಿಗೆ ಎಲೆ ಎತ್ತಿ, ನೆಲ ಒರೆಸಿ, ಅಡಿಗೆಯವರು ಊರಿಗೆ ಹೋಗಿಯಾಗಿತ್ತು. ಅವತ್ತು ಬಿಟ್ಟ ಕೈಯನ್ನು ಅವಳು ಮತ್ತೆ ಹಿಡಿಯಲಿಲ್ಲ. ಅವಳ ಮೇಲೆ ನಾನು ತಪ್ಪು ಹೊರಿಸುವುದಿಲ್ಲ, ಅವಳಿಗೆ ಅವತ್ತು ಬಹಳ ಹಸಿವಾಗಿತ್ತು.

ನನ್ನ ಜಂಬವೆಲ್ಲ ಅಕ್ಷರದ್ದು. ಗಿರಾಕಿ ಚೊಂಬು ತಂದು ಮುಂದಿಟ್ಟರೆ, ಹೆಸರು ಕೊರೆದು ಕೊಡುವಾಗ "ಇಂಥ ಅಕ್ಷರ ಸುತ್ತ ನಾಲ್ಕೂರಲ್ಲಿ ತೋರ್ಸಿ ನೋಡಾಣ" ಎಂಬ ಮಾತು ತಾನಾಗಿ ಹೊರಬೀಳುತ್ತಿತ್ತು. ಬಿದ್ದ ತಕ್ಷಣ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮನೆ ನಾಲ್ಕು ಮಾರು ಆಚೆ ಹೋಗಿರುತ್ತಿತ್ತು. ಮನೆಯ ಪಾತ್ರೆಗಳ ಮೇಲೆಲ್ಲ ನನ್ನದೇ ಹೆಸರು, ತಿಪ್ಪೇರುದ್ರಪ್ಪ ಅಂತ, ಸೌಟಿನ ಮೇಲೂ. ಗಿರಾಕಿಗಳ ಹೆಸರಿನ ಪಟ್ಟಿ ರಾತ್ರಿ ಕೊಟ್ರಮ್ಮನ ಚೀಲದಲ್ಲಿ ಮನೆಗೆ ಹೋಗಿ ಬೆಳಿಗ್ಗೆ ನನ್ನ ಅಂಗಡಿಗೆ ಬರುತ್ತಿತ್ತು. ತಪ್ಪು ಒಪ್ಪು ನೋಡುತ್ತಾಳೆ ಎಂದು ಕೇಳಿದವರಿಗೆ ಹೇಳುತ್ತಿದ್ದೆ.

ಆಷಾಢದಲ್ಲಿ ಒಂದು ದಿನ ಮೋರಿ ಕಟ್ಟೆಯ ಹತ್ತಿರ ಕೊಟ್ರಮ್ಮ ಎದುರಿಗೆ ಬಂದಾಗ ನಾನು ಅವಳನ್ನು ಗುರುತಿಸಲಿಲ್ಲ. ಯಾರೋ ಹೆಂಗಸು ಎಂದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಅವಳು ನಿಂತು ನನ್ನನ್ನೇ ನೋಡಿದಳು. "ಕನ್ನಡಕ ಹಾಕ್ಕಂಡು ಎರಡು ತಿಂಗಳಾತು ಕಣ್ರೀ ನಾನು" ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ಅದೇ ನನಗೆ ಚುಚ್ಚಿತು. ಬೆಳಿಗ್ಗೆ ನಾನು ಏಳುವ ಮುಂಚೆ ಅವಳು ನೀರು ಹಿಡಿಯಲು ಹೋಗಿರುತ್ತಾಳೆ, ನಾನು ರಾತ್ರಿ ಮನೆ ಮುಟ್ಟುವ ಹೊತ್ತಿಗೆ ದೀಪ ಆರಿಸಿ ಮಲಗಿರುತ್ತಾಳೆ. ಮಧ್ಯಾಹ್ನ ದಾರಿಯಲ್ಲಿ ಎದುರಾದರೂ ನನ್ನ ಕಣ್ಣು ನೆಲದ ಮೇಲೇ ಇರುತ್ತದೆ. ಹೆಂಡತಿಯ ಮುಖ ಸರಿಯಾಗಿ ನೋಡದೆ ಎರಡು ತಿಂಗಳು ಕಳೆದಿದ್ದೆ. ಅವಳ ಪಕ್ಕದಲ್ಲಿ ಕೂತು ಬಿಸಿ ಸಾರಿನಲ್ಲಿ ಒಂದು ಮುದ್ದೆ ಉಣ್ಣಬೇಕು ಎಂಬ ಆಸೆ ಅವತ್ತು ಎದೆಗೆ ಹೊಕ್ಕಿತು.

ದಾರಿ ಗಿಡ್ಡ ಮಾಡಿಕೊಳ್ಳಲು ನಮ್ಮೂರಲ್ಲಿ ಇರುವ ಉಪಾಯ ಒಂದೇ, ಬಾಟ್ಲಿ ಓಟ. ಶ್ರಾವಣ ಮುಗಿದ ಮೊದಲ ಭಾನುವಾರ ಹೈಸ್ಕೂಲ್ ಮೈದಾನದಲ್ಲಿ ಅದು ನಡೆಯುತ್ತದೆ. ಒಂದು ಸಣ್ಣ ಬಾಟ್ಲಿ ಬಿಯರು ಕುಡಿದು ಒಂದು ಸುತ್ತು, ಹೀಗೆ ನಾಲ್ಕು ಬಾಟ್ಲಿಗೆ ನಾಲ್ಕು ಸುತ್ತು, ಒಟ್ಟು ಒಂದು ಮೈಲಿ. ಕಕ್ಕಿಕೊಂಡವರಿಗೆ ಇನ್ನೊಂದು ಸುತ್ತು ದಂಡ. ಒಂಬತ್ತು ಮುಕ್ಕಾಲಿಗೆ ಸೀಟಿ ಊದುತ್ತಾರೆ. ಹತ್ತಕ್ಕೆ ಎಣ್ಣೆ ಮಿಲ್ಲಿನ ಸೈರನ್ ಕೂಗುವುದರೊಳಗೆ ಯಾರು ಸುಣ್ಣದ ಗೆರೆ ದಾಟುತ್ತಾರೋ ಅವರ ಹಳೆಯ ಜಂಬವೆಲ್ಲ ವಜಾ. ಊರಿನ ದಾರಿಗಳೆಲ್ಲ ಅವರಿಗೆ ಹುಟ್ಟಿದ ದಿನ ಇದ್ದಷ್ಟೇ ಆಗುತ್ತವೆ. ಕೇಳಲು ಸುಲಭ. ಆದರೆ ಎರಡು ಬಾಟ್ಲಿ ಒಳಗಿಳಿದ ಮೇಲೆ ಜಂಬ ಕೊಚ್ಚದವರು ಯಾರು? ಒಳ್ಳೊಳ್ಳೆ ಓಟಗಾರರು ಮೂರನೇ ಸುತ್ತಿನಲ್ಲಿ ಬಾಯಿ ತೆರೆದು, ಕಣ್ಣೆದುರಿಗಿದ್ದ ಗೆರೆಯನ್ನು ಮುಟ್ಟಲು ಸಂಜೆಯವರೆಗೆ ಓಡಿದ್ದಾರೆ. ಮನೆಯವರು ಕೊಡೆ, ನೀರು, ಚಿತ್ರಾನ್ನ ತೆಗೆದುಕೊಂಡೇ ನೋಡಲು ಬರುತ್ತಾರೆ.

ಹಾಲಪ್ಪ ಮೇಷ್ಟ್ರ ಹತ್ತಿರ ಹೋದೆ. ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಮೈದಾನದ ಗೋಡೆಯ ಮೇಲೆ ಓಟ ಮುಗಿಸಿದವರ ಹೆಸರು ಬರೆಯುತ್ತಾರೆ, ಅವರದು ಏಳು ಸಲ ಇದೆ. ಹೇಗೆ ಸಾಧ್ಯವಾಯಿತು ಎಂದು ಕೇಳಿದರೆ "ಅವತ್ತು ಗಾಳಿ ಹಿಂದಿನಿಂದ ಬೀಸ್ತಿತ್ತು" ಅನ್ನುತ್ತಾರೆ. ಏಳು ವರ್ಷವೂ ಗಾಳಿ ಹಿಂದಿನಿಂದಲೇ ಬೀಸಿತ್ತಂತೆ. ನನ್ನ ಹೊಟ್ಟೆಯನ್ನೊಮ್ಮೆ, ಬಾಯನ್ನೊಮ್ಮೆ ನೋಡಿ, "ಹೊಟ್ಟೆ ಕರಗ್ತೈತೆ ರುದ್ರಪ್ಪ. ಬಾಯಿ ಕಷ್ಟ" ಎಂದರು.

"ಮೇಷ್ಟ್ರೇ, ನಾನು ಹದಿನಾಲ್ಕು ನಿಮಿಷಕ್ಕೆ..." ಎಂದು ಶುರುಮಾಡಿದೆ. ಅವರು ಎದ್ದುಬಂದು ನನ್ನ ಬಾಯಿ ಮುಚ್ಚಿದರು. "ಗುರಿ ಬಾಯಲ್ಲಿ ಹೇಳಿದ್ರೆ ಅದೂ ಜಂಬಾನೇ. ಎಲ್ಲಾದ್ರೂ ಬರ್ಕೊ. ನೆಲಕ್ಕೆ ಕಿವಿ ಐತೆ, ಕಣ್ಣಿಲ್ಲ." ಸುತ್ತಿಗೆ ಎರಡೂವರೆ ನಿಮಿಷ, ಬಾಟ್ಲಿಗೆ ಒಂದು ನಿಮಿಷ ಎಂದು ಬೆರಳು ಮಡಚಿ ಲೆಕ್ಕ ಕೊಟ್ಟರು. ನಾನು ಅಂಗಡಿಗೆ ಬಂದು, ನನ್ನ ನೀರಿನ ಚೊಂಬಿನ ತಳದಲ್ಲಿ ೧೪ ಎಂದು ಕೊರೆದೆ. ಅದರ ಕೆಳಗೆ ವಾರವಾರದ ಗುರಿ ಕೊರೆಯುತ್ತಾ ಹೋದೆ. ಮೊದಲ ವಾರ ನಿಲ್ಲದೆ ಒಂದು ಸುತ್ತು, ಎರಡನೇ ವಾರ ಎರಡು. ಮೂರನೇ ವಾರದ ಗುರಿ ಓಟದ್ದಲ್ಲ, ಚಹಾದಂಗಡಿಯಲ್ಲಿ ಅರ್ಧ ಗಂಟೆ ಬಾಯಿಮುಚ್ಚಿ ಕೂರುವುದು. ಓಟಕ್ಕಿಂತ ಅದರಲ್ಲೇ ಹೆಚ್ಚು ಬೆವರಿದೆ. ಮೇಷ್ಟ್ರು ಹೇಳಿಕೊಟ್ಟಂತೆ ಬಂದವರೆಲ್ಲ "ರುದ್ರಪ್ಪನ ಅಕ್ಷರ ಈಚೆಗೆ ಯಾಕೋ ಸೊಟ್ಟ" ಎಂದು ಒಬ್ಬರಾದ ಮೇಲೊಬ್ಬರು ಕೆಣಕಿದರು. ನಾನು ಬಾಯಲ್ಲಿ ಲವಂಗ ಕಚ್ಚಿ ಕೂತಿದ್ದೆ. ಕೊನೆಗೆ ಒಬ್ಬ "ಪಾಪ, ವಯಸ್ಸಾತು" ಎಂದಾಗ ಲವಂಗ ನುಂಗಿಬಿಟ್ಟೆ. ಮಾತು ಮಾತ್ರ ಹೊರಗೆ ಬರಲಿಲ್ಲ.

ಶ್ರಾವಣ ಬಂತು. ಶ್ರಾವಣದಲ್ಲಿ ನಮ್ಮೂರಲ್ಲಿ ಬಿಯರು ಮುಟ್ಟುವಂತಿಲ್ಲ, ಅದಕ್ಕೆ ಅಭ್ಯಾಸವೆಲ್ಲ ಗೋಲಿ ಸೋಡಾದಲ್ಲಿ. ಬೆಳಿಗ್ಗೆ ಆರಕ್ಕೆ ಮೈದಾನದ ತುಂಬ ಠುಸ್ ಠುಸ್ ಎಂದು ಸೋಡಾ ಒಡೆಯುವ ಸದ್ದು, ಆಮೇಲೆ ತೇಗಿನ ಸದ್ದು. "ತೇಗು ಬಿಡು, ಮಾತು ನುಂಗು" ಎಂದು ಹಾಲಪ್ಪ ಮೇಷ್ಟ್ರು ಟವೆಲ್ ಬೀಸುತ್ತಾ ಕೂಗುತ್ತಿದ್ದರು. ಕೊಟ್ರಮ್ಮ ನೀರು ಹಿಡಿಯಲು ಬರುವ ನಲ್ಲಿ ಮೈದಾನದ ಪಕ್ಕದಲ್ಲೇ. ಮೊದಲೆರಡು ದಿನ ಕೊಡ ಇಟ್ಟು ನೋಡಿದಳು. ಮೂರನೇ ದಿನ ನನ್ನ ಗಡಿಯಾರ ಇಸಿದುಕೊಂಡು ಹೊತ್ತು ಎಣಿಸಿದಳು. ನಾಲ್ಕನೇ ದಿನ ನಾನು ಚೊಂಬು ಎತ್ತಿ ನೀರು ಕುಡಿಯುವಾಗ ತಳದ ೧೪ ಅವಳ ಕಣ್ಣಿಗೆ ಬಿತ್ತು.

"ಇದೇನ್ರೀ?"

ಬಾಯಲ್ಲಿ ಹೇಳುವಂತಿರಲಿಲ್ಲ. ಗೆರೆ ತೋರಿಸಿದೆ, ಮನೆಯ ಕಡೆ ಕೈ ಮಾಡಿದೆ, ಮುದ್ದೆ ಉಣ್ಣುವಂತೆ ಅಭಿನಯಿಸಿದೆ, ಅವಳ ಪಕ್ಕದಲ್ಲಿ ಹೋಗಿ ಕೂತೆ. ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಬಹಳ ಹೊತ್ತು ಒರೆಸಿದಳು. ಮರುದಿನ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಸೀರೆ ಎತ್ತಿ ಸಿಕ್ಕಿಸಿಕೊಂಡು ನನ್ನ ಪಕ್ಕ ಬಂದು ನಿಂತಳು. ಮೇಷ್ಟ್ರಿಗೆ, "ನನ್ ಹೆಸರೂ ಬರ್ಕೊಳ್ಳಿ. ಇವರ ಬಾಯಿ ಕಾಯೋಕೆ ಪಕ್ಕದಲ್ಲಿ ಒಬ್ರು ಬೇಕಲ್ಲ" ಎಂದಳು. ಮೇಷ್ಟ್ರು ಖುಷಿಯಿಂದ ಬರೆದುಕೊಂಡರು. ಇಷ್ಟು ವರ್ಷ ಒಂದೇ ಒಂದು ಜಂಬದ ಮಾತಾಡದ ಹೆಂಗಸು, ಇಡೀ ಊರು ಅವಳಿಗೆ ಅಂಗೈಯಗಲ. ಅವಳ ಬಗ್ಗೆ ಯಾರಿಗೂ ಯಾವ ಭಯವೂ ಇರಲಿಲ್ಲ. ನಾವು ಮಾಡಿದ ತಪ್ಪು ಅದೇ. ಆಡದ ಜಂಬ ಎಲ್ಲಿ ಹೋಗುತ್ತದೆ ಎಂದು ನಾವ್ಯಾರೂ ಯೋಚಿಸಲಿಲ್ಲ.

ಭಾನುವಾರ ಬಂತು. ಇಪ್ಪತ್ತೊಂದು ಜನ ಓಟಗಾರರು. ಗೆರೆಯ ಮೇಲೆ ಉದ್ದನೆಯ ಮೇಜು, ಮೇಜಿನ ಮೇಲೆ ಐಸಿನಲ್ಲಿ ಹೂತ ಬಾಟ್ಲಿಗಳು. ಸೀಟಿ ಬಿತ್ತು. ಮೊದಲ ಬಾಟ್ಲಿ ಸೋಡಾದಷ್ಟೇ ಸಲೀಸಾಗಿ ಇಳಿಯಿತು. ಕೊಟ್ರಮ್ಮ ಬಿಯರಿನ ರುಚಿ ನೋಡಿದ್ದೇ ಅವತ್ತು. ಮುಖ ಹಿಂಡಿ, "ಹಾಗಲಕಾಯಿ ನೀರು" ಎಂದು ಗಟಗಟ ಕುಡಿದು ಓಡಿದಳು. ಎರಡನೇ ಸುತ್ತಿನಲ್ಲೂ ಇಬ್ಬರೂ ಪಕ್ಕಪಕ್ಕ ಇದ್ದೆವು. ನಮ್ಮ ಮುಂದೆ ಓಡುತ್ತಿದ್ದ ಸೈಕಲ್ ಶಾಪಿನ ಗಾದಿಲಿಂಗ ಇದ್ದಕ್ಕಿದ್ದಂತೆ ತಿರುಗಿ, "ಎಂಟನೇ ಕ್ಲಾಸಲ್ಲಿ ಇದೇ ಮೈದಾನದಾಗೆ ನನ್ನ ಹಿಡಿಯೋರು ಇರ್ಲಿಲ್ಲ ಗೊತ್ತಾ?" ಎಂದ. ಅಷ್ಟೇ, ಓಡುತ್ತಲೇ ಇದ್ದ, ತಿರುವು ಮಾತ್ರ ಅವನಿಗೆ ಹತ್ತಿರ ಬರಲೇ ಇಲ್ಲ. ಅವನ ಹೆಂಡತಿ ನಿಟ್ಟುಸಿರು ಬಿಟ್ಟು ಚಿತ್ರಾನ್ನದ ಡಬ್ಬಿ ಹಿಡಿದು ಎದ್ದಳು.

ಮೂರನೇ ಬಾಟ್ಲಿಗೆ ಕೊಟ್ರಮ್ಮ ಮುಖ ಹಿಂಡಲಿಲ್ಲ. "ರೀ, ಇದು ಚೆನ್ನಾಗೈತೆ ಕಣ್ರೀ" ಎಂದು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತೋ. ಅರ್ಧ ಸುತ್ತಿಗೆ, "ಒಂದ್ ಮಾತು ಹೇಳ್ಲಾ?" ಎಂದಳು. ನಾನು ಗಾಬರಿಯಿಂದ ಬೇಡವೆಂದು ತಲೆಯಾಡಿಸಿದೆ. ಮೇಷ್ಟ್ರು ಆಚೆಯಿಂದ ಟವೆಲ್ ಬೀಸಿದರು. "ಈ ಊರಾಗೆ ಅರ್ಧ ಹೆಂಗಸ್ರು ತೊಟ್ಟಿರೋದು ನಾನು ಹೊಲ್ದ ರವಿಕೆ. ಒಂದ್ರಲ್ಲಾದ್ರೂ ತೋಳು ಹಿಡೀತೈತಾ ಕೇಳಿ ನೋಡಿ!" ಎಂದಳು. ನನ್ನ ಪಕ್ಕದಲ್ಲಿದ್ದವಳು ಐವತ್ತು ಮಾರು ಹಿಂದಿದ್ದಳು. ನಾನು ನಿಂತೆ. "ಮುಂದೆ ನೋಡೋ! ನಿನ್ನ ಗುರಿ ನೆನಪು ಮಾಡ್ಕೊ!" ಎಂದು ಮೇಷ್ಟ್ರು ಕೂಗಿದರು. ಚೊಂಬಿನ ತಳ ಕಣ್ಣ ಮುಂದೆ ಬಂತು, ಓಡಿದೆ. ಹಿಂದಿನಿಂದ ಅವಳು ಒಬ್ಬಳೇ ನಗುವುದು ಕೇಳುತ್ತಿತ್ತು.

ನಾಲ್ಕನೇ ಬಾಟ್ಲಿ ಗಂಟಲಲ್ಲಿ ನಿಂತಿತು. ಕಣ್ಣು ಮುಚ್ಚಿ ನೂಕಿದೆ. ತೇಗು ಬಿಟ್ಟೆ, ಮಾತು ನುಂಗಿದೆ. ಕೊನೆಯ ಸುತ್ತಿನ ಕೊನೆಯ ತಿರುವು ದಾಟಿದಾಗ ಮೈದಾನದ ಗಡಿಯಾರದಲ್ಲಿ ಹದಿಮೂರೂವರೆ ನಿಮಿಷ ಆಗಿತ್ತು. ಎದುರಿಗೆ ಸುಣ್ಣದ ಗೆರೆ, ನೂರು ಹೆಜ್ಜೆಯೂ ಇರಲಿಲ್ಲ. ಗೆರೆಯ ಹತ್ತಿರ ಮೇಜಿನ ಮುಂದೆ ಕೊಟ್ರಮ್ಮ ನಿಂತು ತನ್ನ ನಾಲ್ಕನೇ ಬಾಟ್ಲಿ ಎತ್ತಿದ್ದಳು. ಕುಡಿದು ಕೆಳಗಿಟ್ಟಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ ಓಡಲು ಶುರುಮಾಡಿ, ಓಡುತ್ತಲೇ ಜನರ ಕಡೆ ತಿರುಗಿ, ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದಳು.

"ಅಕ್ಷರ ಅಂತೆ ಅಕ್ಷರ! ನಿಮ್ಮ ಚೊಂಬಿನ ಮ್ಯಾಲೆ, ಕೊಡದ ಮ್ಯಾಲೆ ಇರೋದು ಯಾರ ಅಕ್ಷರ ಅಂದ್ಕಂಡೀರಿ? ರಾತ್ರಿ ಕೂತ್ಕಂಡು ಒಂದೊಂದು ಹೆಸರೂ ಬರ್ದು ಕೊಡೋಳು ನಾನು! ಇವ್ರು ಅದನ್ನೇ ಪಾತ್ರೆಗಿಟ್ಟು ಮಿಷನ್ ಓಡಿಸ್ತಾರೆ, ಅಷ್ಟೇ! ಅಡಿಗೆ ಮನೆ ಪಾತ್ರೆ ನನ್ ತವರಿಂದು, ಅದ್ರ ಮ್ಯಾಲೆ ಹೆಸರು ಮಾತ್ರ ಅವರ್ದು! ಇಂಥ ಅಕ್ಷರ ಸುತ್ತ ನಾಲ್ಕೂರಲ್ಲಿ ತೋರ್ಸ್ರಿ ನೋಡಾಣ!"

ನಿಜ. ಅವಳು ಹೇಳಿದ್ದೆಲ್ಲ ನಿಜ. ಇಷ್ಟು ವರ್ಷ ನಾನು ಕೊಚ್ಚಿಕೊಂಡದ್ದು ಅವಳ ಅಕ್ಷರವನ್ನು, ದಾರಿ ಉದ್ದ ಮಾಡಿಕೊಂಡದ್ದೂ ಅದರಿಂದಲೇ. ಜನರೆಲ್ಲ ನನ್ನ ಕಡೆ ತಿರುಗಿದರು. ಆದರೆ ನಾನು ನೋಡುತ್ತಿದ್ದದ್ದು ಅವಳನ್ನು. ಅಷ್ಟು ವರ್ಷದ ಜಂಬವನ್ನು ಒಂದೇ ಉಸಿರಿಗೆ ಆಡಿದವಳ ನೆಲ ಹಿಗ್ಗಿ ಹಿಗ್ಗಿ ಅವಳು ಗೆರೆಯಾಚೆ ದೂರ ದೂರ ಹೋಗುತ್ತಿದ್ದಳು. ಬೆರಳುದ್ದ ಆದಳು, ಅಕ್ಕಿ ಕಾಳಿನಷ್ಟಾದಳು. ಅವಳಿಗೆ ಚಿತ್ರಾನ್ನ ಹಿಡಿದು ಓಡಲು ಯಾರೂ ಇರಲಿಲ್ಲ. ಅವಳ ಮನೆಯವನು ನಾನೇ.

ಗೆರೆ ಹತ್ತು ಹೆಜ್ಜೆಯಲ್ಲಿತ್ತು. "ದಾಟು ರುದ್ರಪ್ಪ, ದಾಟು!" ಎಂದು ಮೇಷ್ಟ್ರು ಕುಣಿಯುತ್ತಿದ್ದರು. ದಾಟಿದರೆ ನಾಳೆಯಿಂದ ಐದು ನಿಮಿಷಕ್ಕೆ ಮನೆ. ಒಲೆಯ ಮೇಲೆ ಬಿಸಿ ಸಾರು. ಬಡಿಸುವವಳು ಮಾತ್ರ ಐವತ್ತೈದು ನಿಮಿಷ ದೂರದಲ್ಲಿ, ಮೋರಿ ಕಟ್ಟೆಯ ಹತ್ತಿರ ಏದುಸಿರು ಬಿಡುತ್ತಾ ಬರುತ್ತಿರುತ್ತಾಳೆ.

ನಿಂತೆ. ಅವಳ ಹಿಂದೆ ಹೋಗಬೇಕಾದರೆ ನನ್ನ ನೆಲವೂ ಹಿಗ್ಗಬೇಕು, ಅದಕ್ಕೊಂದು ಜಂಬ ಬೇಕು. ಬಾಯಿ ತೆರೆದೆ. ಏನೂ ಬರಲಿಲ್ಲ! ಮೂವತ್ತು ವರ್ಷ ಕೊಚ್ಚಿದ ಬಾಯಿ, ಬೇಕಾದಾಗ ಕೈಕೊಟ್ಟಿತು. "ನನ್ನ ಅಕ್ಷರ..." ಎಂದೆ, ಅದು ನನ್ನದಲ್ಲ. "ನನ್ನ ಓಟ..." ಎಂದೆ, ಗೆರೆ ಒಂದು ಗೇಣು ಅಲುಗಿ ಸುಮ್ಮನಾಯಿತು. ಎರಡು ತಿಂಗಳ ಅಭ್ಯಾಸ ನನ್ನ ಬಾಯನ್ನು ಪೂರ್ತಿ ಕೆಡಿಸಿಬಿಟ್ಟಿತ್ತು. ಅಕ್ಕಿ ಕಾಳು ಇನ್ನೇನು ಕಣ್ಮರೆಯಾಗುವುದರಲ್ಲಿತ್ತು. ಆಗ ಹೊಟ್ಟೆಯಾಳದಿಂದ, ನಾಲ್ಕು ಬಾಟ್ಲಿಯ ಅಡಿಯಿಂದ, ಆ ಮಾತು ಎದ್ದುಬಂತು.

"ಆ ಕೊಟ್ರಮ್ಮನ ಗಂಡ ಕಣ್ರೋ ನಾನು! ಅವಳ ಗಂಡ!"

ಅಷ್ಟು ದೊಡ್ಡ ಜಂಬವನ್ನು ನಮ್ಮೂರಿನ ನೆಲ ಅದುವರೆಗೆ ಕೇಳಿರಲಿಲ್ಲ ಅನ್ನಿಸುತ್ತದೆ. ಗೆರೆ ಸರ್ರನೆ ಎದ್ದು ಅವಳ ಹಿಂದೆ ಓಡಿಹೋಯಿತು. ಮೇಜು, ಮೇಷ್ಟ್ರು, ಟವೆಲ್ ಎಲ್ಲ ಎಲ್ಲೋ ಹಿಂದೆ ಉಳಿದವು. ನಾನು ಓಡಿದೆ. ಅವಳು ನನ್ನ ಕೂಗು ಕೇಳಿ ನಿಂತಿದ್ದಳು. ಹತ್ತಿರ ಹೋದಾಗ ಕನ್ನಡಕ ಸರಿಮಾಡಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಗುರಿ ಬಿಟ್ಟು ಬಂದ್ರಾ?"

"ಗುರಿ ಹಿಂದೇನೇ ಬಂದೆ."

"ಮಾತು ನೋಡು" ಎಂದು ಬೈದು, ನನ್ನ ಕೈ ಹಿಡಿದಳು. ಅವಳದು ಉದ್ದವೋ ನನ್ನದು ಉದ್ದವೋ, ಯಾವುದು ಹೆಚ್ಚೋ ಅದು ಇಬ್ಬರಿಗೂ ಅಂಟಿತು. ದೂರದಲ್ಲಿ ಎಣ್ಣೆ ಮಿಲ್ಲಿನ ಸೈರನ್ ಕೂಗಿತು, ಯಾರದೋ ಮನೆಯ ಕುಕ್ಕರಿನಷ್ಟು ಸಣ್ಣಗೆ. ನಾವು ಗೆರೆ ಮುಟ್ಟಿದಾಗ ಸಂಜೆ ನಾಲ್ಕೂವರೆ. ಮೈದಾನದಲ್ಲಿ ಹಾಲಪ್ಪ ಮೇಷ್ಟ್ರು ಒಬ್ಬರೇ ಕೂತಿದ್ದರು. ಸಿಟ್ಟು ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ಗಾಳಿ ಎದುರಿಗಿತ್ತು ಬಿಡು" ಎಂದರು.

ಈಗ ನಾವಿಬ್ಬರೂ ಬುತ್ತಿ ಕಟ್ಟಿಕೊಂಡೇ ಹೊರಡುತ್ತೇವೆ. ಮನೆ ಇಬ್ಬರಿಗೂ ಒಂದೂವರೆ ಗಂಟೆಯ ದಾರಿ, ಊಟದ ಬಿಡುವಿನಲ್ಲಿ ಹೋಗಿ ಬರುವ ಮಾತೇ ಇಲ್ಲ. ಮೋರಿ ಕಟ್ಟೆಯವರೆಗೆ ಕೈ ಹಿಡಿದು ನಡೆದು, ಹುಣಸೆ ಮರದ ನೆರಳಲ್ಲಿ ಕೂತು, ಅವಳೊಂದು ಮುದ್ದೆ ನಾನೊಂದು ಮುದ್ದೆ ಉಂಡು ವಾಪಸಾಗುತ್ತೇವೆ. ಸಾರು ಅಷ್ಟೇನೂ ಬಿಸಿ ಇರುವುದಿಲ್ಲ. ಡಬ್ಬಿಯ ಮುಚ್ಚಳದ ಮೇಲಿದ್ದ ನನ್ನ ಹೆಸರನ್ನು ಉಜ್ಜಿ ತೆಗೆದು ಕೊಟ್ರಮ್ಮ ಎಂದು ಕೊರೆದಿದ್ದೇನೆ, ಅವಳ ಹತ್ತಿರ ಬರೆಸಿಕೊಳ್ಳದೆ ನಾನೇ ಬರೆದು. ಒತ್ತಕ್ಷರ ಜಾರಿದೆ, ಮ್ಮ ದಾರಿಯಲ್ಲೇ ಮಲಗಿಬಿಟ್ಟಿದೆ. ಮಕ್ಕಳೂ ಇದಕ್ಕಿಂತ ಚೆನ್ನಾಗಿ ಬರೆಯುತ್ತವೆ.

ಕಟ್ಟೆಯ ಮುಂದೆ ಯಾರಾದರೂ ಹಾದುಹೋದರೆ ಅವಳು ಉಣ್ಣುವುದು ಬಿಟ್ಟು ಆ ಮುಚ್ಚಳ ಎತ್ತಿ ತೋರಿಸುತ್ತಾಳೆ. "ನೋಡ್ರಿ, ನಮ್ಮನೆಯವರು ಕೈಯಾರೆ ಬರ್ದಿದ್ದು. ಯಾರ ಗಂಡ ಬರ್ದು ಕೊಡ್ತಾನೆ ಹೀಗೆ?" ಅಂದ ಕೂಡಲೇ ನಮ್ಮ ಮನೆ ಇನ್ನೂ ನಾಲ್ಕು ಮಾರು ಆಚೆ ಹೋಗುತ್ತದೆ. ಸುಮ್ಮನಿರು ಎಂದು ನಾನು ಒಂದು ದಿನವೂ ಹೇಳಿಲ್ಲ.